ಹಿಂದಿನ ಸೀಟಿನ ಖಡಕ್ ರೊಟ್ಟಿ

ತೊಂಬತ್ತರ ದಶಕದ ನಡುವಿನ ಒಂದು ಭಾನುವಾರ, ಬಿಸಿಲು ಇನ್ನೂ ಏರಿರಲಿಲ್ಲ. ಗೋವಾದ ಕೊರ್ತಾಲಿಮ್‌ನ ಗ್ಯಾರೇಜಿನ ಅಂಗಳದಲ್ಲಿ, ನನ್ನ ಹಳೆಯ ಕಾರಿನ ಎಡಗಡೆಯ ಹಿಂಚಕ್ರದ ಪಕ್ಕ ನಾನು ನಿಂತಿದ್ದೆ.

ಚೆಂದ ಕಾಣಲೆಂದು ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದ್ದೆ. ಬಂದರಿನಲ್ಲಿ ಜೊತೆಗೆ ದುಡಿಯುತ್ತಿದ್ದ ಗೆಳೆಯರು "ಕಾರ್ ಯಾಕ ಕುಂತೈತಿ, ಎಬ್ಬಸಲೇ!" ಎನ್ನುತ್ತಿದ್ದರು. ಹಳೆಯ ಶಾಕ್ ಅಬ್ಸಾರ್ಬರ್‌ಗಳು ಆ ತಗ್ಗಿಗೆ ಉದ್ದವಾಗಿ, ಗುಂಡಿ ಬಂದಾಗಲೆಲ್ಲ ಬಡಿಯುತ್ತಿದ್ದವು. ಅದಕ್ಕೇ ಗಿಡ್ಡನೆಯ ಹೊಸ ಜೋಡಿ ಹಾಕಿಸಿದ್ದೆ. ಅವುಗಳ ಬುಡದ ತಿರುಪನ್ನು ಒಂದು ಕಡೆ ತಿರುಗಿಸಿದರೆ ಬಿಗಿ, ಇನ್ನೊಂದು ಕಡೆ ಸಡಿಲ.

"ನಡುವ ಇಡೋಣ್ರಿ, ಓಡಿಸಿ ನೋಡಿ ಬಿಗಿ ಮಾಡಿದ್ರಾತು," ಎಂದ ಮೆಕ್ಯಾನಿಕ್.

"ಪೂರ್ತಿ ಬಿಗಿ ಮಾಡೋ. ಗಾಡಿ ಅಂದ್ರ ಅಳ್ಳಾಡಬಾರದು."

ಡಿಕ್ಕಿಯ ಮೇಲೆ ಎರಡೂ ಕೈ ಊರಿ ಒತ್ತಿದೆ. ಅಲುಗಲಿಲ್ಲ. ಅಲುಗದಿರುವುದೇ ಗುಣವೆಂದು ನಂಬಿದೆ.

ಅಂದು ಕೆಪೆಯಲ್ಲಿ ಹೆಂಡತಿಯ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ. ತವರು ದೂರವಿದ್ದುದರಿಂದ ರೊಟ್ಟಿ ಬುತ್ತಿ ಒಯ್ಯುವ ಹೊಣೆ ಅಕ್ಕನಾದ ಇವಳದು. ಖಡಕ್ ರೊಟ್ಟಿಗಳ ಗಂಟನ್ನು ಅವಳು ಮಡಿಲಲ್ಲಿಟ್ಟುಕೊಳ್ಳಲು ಹೋದಳು.

"ಸೀಟಿನ ಮ್ಯಾಲಿಡು. ಹೊಸಾ ಶಾಕ್ ಅದಾವ."

"ಒಡದ್ರ ನಾ ಬಸ್ಸಿಗೆ ತಿರುಗಿ ಬರಾಕಿ, ನೋಡ್ರಿ."

ಆಮೇಲಿನದನ್ನು ಕಣ್ಣಾರೆ ಕಂಡೆ ಎನ್ನಲಾರೆ, ನಾನು ರಸ್ತೆ ನೋಡುತ್ತಿದ್ದೆ. ಕೇಳಿಸಿದ್ದು ನಿಜ. ಮೊದಲ ಗುಂಡಿಯಲ್ಲಿ ಹಿಂದಿನಿಂದ ಚಟ್ ಎಂದಿತು. ಮುಂದಿನದರಲ್ಲಿ ಚಟಪಟ. ನನ್ನ ಹಲ್ಲುಗಳೂ ಒಂದಕ್ಕೊಂದು ಬಡಿಯುತ್ತಿದ್ದವು. ಅದನ್ನು ರಸ್ತೆಯ ಹಿಡಿತ ಎಂದು ಹೆಂಡತಿಗೆ ವಿವರಿಸಿದೆ.

ಕೆಪೆಯಲ್ಲಿ ನಾದಿನಿ ಗಂಟು ಬಿಚ್ಚಿದಳು. "ಅಕ್ಕಾ, ರೊಟ್ಟಿ ತಂದಿಯೋ, ನುಚ್ಚು ತಂದಿಯೋ?"

"ನಿಮ್ಮ ಭಾವನ್ನ ಕೇಳು. ದಾರಿ ತುಂಬಾ ಕುಟಗೋತ ಬಂದಾರ."

ಎಲ್ಲರೂ ನುಚ್ಚಿಗೆ ಮೊಸರು, ಶೇಂಗಾ ಚಟ್ನಿ ಕಲಸಿಕೊಂಡು ನಗುತ್ತ ತಿಂದರು. ಹೆಂಡತಿ ಮಾತ್ರ ನಗಲಿಲ್ಲ. ಹೊರಡುವಾಗ, ಗಂಟಿನ ನಡುವೆ ಉಳಿದಿದ್ದ ಒಂದೇ ಇಡೀ ರೊಟ್ಟಿಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟಳು.

"ನನ್ನ ಬದ್ಲಿ ಇದನ್ನ ಕರಕೊಂಡ ಹೋಗ್ರಿ. ಇಡೀ ಮನಿ ಮುಟ್ಟಿದ್ರ ಮುಂದಿನ ಸಲ ನಾ ಕುಂಡ್ರತೀನಿ," ಎಂದು ಬಸ್ಸಿಗೆ ನಡೆದಳು.

ಸ್ವಲ್ಪ ದೂರ ಓಡಿಸುವುದು, ನಿಲ್ಲಿಸುವುದು, ರೊಟ್ಟಿ ನೋಡುವುದು, ಮಣ್ಣಿನಲ್ಲಿ ಅಂಗಾತ ಮಲಗಿ ಚಕ್ರದ ಹಿಂದೆ ಕೈ ತೂರಿಸಿ ತಿರುಪು ಸಡಿಲಿಸುವುದು. ಹಾಗೆ ಮಲಗಿದ್ದಾಗಲೇ ಬಸ್ಸು ನನ್ನನ್ನು ದಾಟಿತು. ಕಿಟಕಿಯಲ್ಲಿ ಅವಳಿದ್ದಳು. ನಾನು ಕೈ ಬೀಸಿದೆ.

ಮನೆಯಲ್ಲಿ ಅವಳು ರೊಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. "ಅಂಚು ಹೋಗೇತಿ. ಇರ್ಲಿ, ಕುಂಡ್ರತೀನಿ."

ಇದಕ್ಕೆಲ್ಲ ಸಾಕ್ಷಿಯಾಗಿದ್ದವರಲ್ಲಿ ಮೆಕ್ಯಾನಿಕ್ ಈಗಿಲ್ಲ. ಗಂಟು ಬಿಚ್ಚಿದ ನಾದಿನಿ ಇದ್ದಾಳೆ. ಬಸ್ಸಿನ ಕಿಟಕಿಯಿಂದ ನೋಡಿದ ಹೆಂಡತಿಯೂ ಇದ್ದಾಳೆ. ಅಂಚು ಎಷ್ಟು ಹೋಗಿತ್ತೆಂದು ಕೇಳಿದರೆ ಈಗಲೂ ಅರ್ಧ ಅಂಗೈ ತೋರಿಸುತ್ತಾಳೆ.