ಕಾಕಾನ ಕಾರಿಗೆ ಯಾವ ಎಣ್ಣೆ

ನಮ್ಮ ಮನೆಯವರ ಕಾಕಾ ಶಲವಡಿಯವರು. ಮೊಣಕಾಲು ಹಿಡಿದುಕೊಂಡು ಕ್ಲಚ್ ತುಳಿಯುವುದು ಕಷ್ಟವಾದಾಗ ತಮ್ಮ ಹಳೆಯ ಬಿಳಿ ಪೆಟ್ರೋಲ್ ಕಾರನ್ನು ನಮಗೆ ಕೊಟ್ಟರು. ಕೊಟ್ಟರು ಅಂದರೆ ಕೀಲಿಕೈ ಕೊಟ್ಟರು. ಕಾರು ಅವರದಾಗಿಯೇ ಉಳಿಯಿತು. ನವಲಗುಂದದಲ್ಲಿ ನಮ್ಮ ಮನೆಯ ಮುಂದೆ ನಿಲ್ಲುತ್ತಿತ್ತು, ದಿನಾ ತಿರ್ಲಾಪುರದ ಶಾಲೆಗೆ ನಾನು ಓಡಿಸಿಕೊಂಡು ಹೋಗುತ್ತಿದ್ದೆ. ಆದರೂ ಕಾಕಾ ಸಂತೆಗೆ ಬಂದಾಗಲೆಲ್ಲ ಮೊದಲು ಕಾರಿನ ಬಾನೆಟ್ ಮೇಲೆ ಕೈಯಿಟ್ಟು, ಆಮೇಲೆ ನಮ್ಮ ಆರೋಗ್ಯ ವಿಚಾರಿಸುತ್ತಿದ್ದರು.

ಆ ಕಾರು ಎರಡು ಲಕ್ಷ ಕಿಲೋಮೀಟರ್ ದಾಟಿದ್ದು ನಮಗೆಲ್ಲ ಗೊತ್ತಿತ್ತು. ಆಮೇಲೆ ಎಷ್ಟು ಓಡಿತೆಂದು ಹೇಳುವ ಕೆಲಸವನ್ನು ಮೀಟರ್ ತಾನಾಗಿಯೇ ಬಿಟ್ಟುಬಿಟ್ಟಿತ್ತು. ಕಾಕಾಗೆ ಅದರ ಚಿಂತೆಯಿರಲಿಲ್ಲ. ಅವರ ಷರತ್ತು ಒಂದೇ: ಇಂಜಿನ್ನಿಗೆ ತಾವು ಹಾಕುತ್ತ ಬಂದ ದಪ್ಪ ಎಣ್ಣೆಯನ್ನೇ ಹಾಕಬೇಕು. ಡಬ್ಬಿಯ ಮೇಲೆ ಇಪ್ಪತ್ತು ಡಬ್ಲ್ಯೂ ಐವತ್ತು ಎಂದು ಬರೆದಿರುತ್ತಿತ್ತು. ಸುರಿದರೆ ಔಡಲ ಎಣ್ಣೆಯ ಹಾಗೆ ತನಗೆ ಬೇಕೆನಿಸಿದಾಗ ಇಳಿಯುತ್ತಿತ್ತು.

"ವಯಸ್ಸಾದ ಇಂಜಿನ್ ಐತಿ ಯವ್ವಾ," ಅಂತ ನನಗೆ ತಿಳಿಸಿ ಹೇಳಿದ್ದರು. "ಒಳಗ ಎಲ್ಲಾ ಸವದು ಸಡ್ಲ ಆಗಿರತೈತಿ. ದಪ್ಪ ಎಣ್ಣಿ ಇದ್ರ ಆ ಸಂದಿ ತುಂಬಿ ಕುಂದರತೈತಿ. ತೆಳ್ಳಗಿಂದು ಹಾಕಿದ್ರ ಸೋರಿ ಹೋಕ್ಕತಿ."

ನಮ್ಮ ಮನೆಯವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಎಣ್ಣೆಯ ಬಗ್ಗೆ ಬೇರೊಬ್ಬರು ತೀರ್ಪು ಕೊಟ್ಟರೆ ಅವರಿಗೆ ತಡೆಯುವುದಿಲ್ಲ. ಅಡುಗೆ ಎಣ್ಣೆಯಾದರೂ ಅಷ್ಟೇ, ಇಂಜಿನ್ ಎಣ್ಣೆಯಾದರೂ ಅಷ್ಟೇ. ಕಾಕಾನ ಎದುರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಚಳಿಗಾಲ ಬಂದು, ಬೆಳಿಗ್ಗೆ ನಾನು ಕಾರು ಚಾಲೂ ಮಾಡಿದಾಗ ಇಂಜಿನ್ ನರಳಿ ನರಳಿ ಎದ್ದು, ಮೇಲ್ಭಾಗದಿಂದ ಸ್ವಲ್ಪ ಹೊತ್ತು ಟಕಟಕ ಅನ್ನತೊಡಗಿತು. ಅವರಿಗೆ ಅಷ್ಟೇ ಸಾಕಾಯಿತು.

"ಕೇಳಿದಿ?" ಅಂದರು, ಹಲ್ಲುಜ್ಜುತ್ತಲೇ ಹೊರಗೆ ಬಂದು. "ದಪ್ಪ ಎಣ್ಣಿ ಮ್ಯಾಲೆ ಏರಾಕ ತಡಾ ಆಗಾಕತ್ತೇತಿ. ಅಲ್ಲೀತನಕಾ ಲೋಹಕ್ಕ ಲೋಹ ತಿಕ್ಕತೈತಿ."

ಆಮೇಲೆ ನಮ್ಮ ಮನೆಯಲ್ಲಿ ಪ್ರಯೋಗಗಳು ಶುರುವಾದವು. ಮೊದಲು ವಿಡಿಯೋಗಳು. ಊಟಕ್ಕೆ ಕುಳಿತರೂ ಯಾರೋ ದೂರದೇಶದವನು ಗರಾಜಿನಲ್ಲಿ ನಿಂತು ಎಣ್ಣೆ ಸುರಿಯುತ್ತಿರುತ್ತಿದ್ದ. ಆಮೇಲೆ ನನ್ನ ಸ್ಟೀಲಿನ ತಾಟುಗಳು ಎರಡು ಮಾಯವಾದವು. ಹುಡುಕುತ್ತ ಹಿತ್ತಲಿಗೆ ಹೋದರೆ ಇವರು ಅವುಗಳನ್ನು ಗೋಡೆಗೆ ವಾಲಿಸಿ, ಒಂದರ ಮೇಲೆ ಕಾಕಾನ ಎಣ್ಣೆ, ಇನ್ನೊಂದರ ಮೇಲೆ ತಾವು ತಂದ ತೆಳು ಎಣ್ಣೆ ಹನಿಸಿ, ಯಾವುದು ಮೊದಲು ಕೆಳಗೆ ಮುಟ್ಟುತ್ತದೆಂದು ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದರು. ಆ ತಾಟುಗಳನ್ನು ನಾನು ಮತ್ತೆ ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಒಂದು ದಿನ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಹಸಿಬಟಾಣಿಯ ಪಕ್ಕದಲ್ಲಿ, ಸಣ್ಣ ಬಾಟಲಿಯೊಂದು ಸಿಕ್ಕಿತು.

"ಇದೇನ್ರಿ?"

"ಎಣ್ಣಿ. ಭಾಳ ಥಂಡಿಯೊಳಗ ಹೆಂಗ ಹರೀತೈತಿ ನೋಡಬೇಕಾಗೇತಿ."

"ನವಲಗುಂದದಾಗ ಯಾವಾಗ ಹಿಮ ಬೀಳೂದೈತ್ರಿ?"

 ವಿಜ್ಞಾನದಲ್ಲಿ ಇಂಥ ಅಡ್ಡಿ ಬರುವುದೇ ಎಂಬಂತೆ ಬಾಟಲಿ ತೆಗೆದುಕೊಂಡು ಹೋದರು. ಆದರೆ ವಿಷಯವನ್ನು ನನಗೆ ಸರಿಯಾಗಿಯೇ ತಿಳಿಸಿದರು: ಡಬ್ಬಿಯ ಮೇಲಿನ ಮೊದಲ ಅಂಕಿ ತಣ್ಣಗಿದ್ದಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ಹೇಳುತ್ತದೆ, ಕಡಿಮೆಯಿದ್ದಷ್ಟು ಚಲೋ; ಎರಡನೆಯದು ಇಂಜಿನ್ ಕಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದನ್ನು. ತಾವು ಆರಿಸಿದ್ದು ಐದು ಡಬ್ಲ್ಯೂ ಮೂವತ್ತು, ಅದೂ ಎಲ್ಲಕ್ಕಿಂತ ತುಟ್ಟಿಯದು. ಕಾಕಾಗೆ ಹೇಳದೆ, ಒಂದು ಮಧ್ಯಾಹ್ನ, ಹಳೆಯದನ್ನು ತೆಗೆಸಿ ಅದನ್ನು ಹಾಕಿಸಿಕೊಂಡು ಬಂದರು. ಎಣ್ಣೆ ಬದಲಿಸುವುದರಲ್ಲಿ ಎಷ್ಟು ಮುಳುಗಿದ್ದರೆಂದರೆ ಫಿಲ್ಟರ್ ಬದಲಿಸುವುದನ್ನೇ ಮರೆತಿದ್ದರು.

ಮರುದಿನ ಬೆಳಿಗ್ಗೆ ಕಾರು ಹೊಲಿಗೆ ಯಂತ್ರದ ಹಾಗೆ ಚಾಲೂ ಆಯಿತು. ಟಕಟಕ ಪೂರ್ತಿ ಹೋಗಿರಲಿಲ್ಲ, ಆದರೆ ನರಳಾಟ ನಿಂತಿತ್ತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ತಾವೇ ಹೆತ್ತ ಕೂಸು ಮೊದಲ ಹೆಜ್ಜೆ ಇಟ್ಟಂತೆ ನೋಡಿದರು.

ಆ ಸಂಭ್ರಮ ಕಡಲೆ ಒಕ್ಕುವ ಕಾಲದವರೆಗೆ ನಡೆಯಿತು. ಆಗ ನಮ್ಮ ಎರೆ ಹೊಲಗಳ ದಾರಿಯಲ್ಲಿ ಧೂಳು ಹೇಗಿರುತ್ತದೆಂದರೆ, ಎದುರಿಗೆ ಬರುವುದು ಟ್ರ್ಯಾಕ್ಟರೋ ಬಸ್ಸೋ ಹತ್ತಿರ ಬಂದಾಗಲೇ ಗೊತ್ತು. ಹಿಂದಿನ ಗಾಜಿನಲ್ಲಿ ಆ ಕಂದು ಧೂಳಿನೊಳಗೆ ನೀಲಿ ಹೊಗೆಯೂ ಬೆರೆತಿದ್ದನ್ನು ನಾನು ಬಹಳ ದಿನ ಗಮನಿಸಿರಲಿಲ್ಲ. ಒಂದು ದಿನ ಶಾಲೆ ಬಿಟ್ಟು ಬರುವಾಗ, ತಿರ್ಲಾಪುರ ದಾಟುತ್ತಿದ್ದಂತೆ, ಸ್ಟೇರಿಂಗಿನ ಮುಂದೆ ಎಣ್ಣೆಯ ಕೆಂಪು ದೀಪ ಹತ್ತಿತು. ತಕ್ಷಣ ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ. ಮನೆಯವರಿಗೆ ಫೋನು ಹಚ್ಚಿದೆ, ಕ್ಲಾಸಿನಲ್ಲಿದ್ದರು, ಎತ್ತಲಿಲ್ಲ. ಬೇರೆ ದಾರಿಯಿಲ್ಲದೆ ಕಾಕಾಗೆ ಫೋನು ಮಾಡಿದೆ.

ಕಾಕಾ ಪರಿಚಯದವರೊಬ್ಬರ ಮೋಟರ್ ಸೈಕಲ್ ಹಿಂದೆ ಕುಳಿತು, ಮಡಿಲಲ್ಲಿ ತಮ್ಮ ದಪ್ಪ ಎಣ್ಣೆಯ ಡಬ್ಬಿ ಇಟ್ಟುಕೊಂಡು ಬಂದರು. ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರು. ತುದಿಗೆ ಒಂದಿಷ್ಟು ಕಪ್ಪು ಮಾತ್ರ ಅಂಟಿತ್ತು. ಅದನ್ನು ಬೆರಳುಗಳ ನಡುವೆ ತಿಕ್ಕಿದರು, ಮೂಸಿದರು.

"ಇದು ನನ್ನ ಎಣ್ಣಿ ಅಲ್ಲ," ಅಂದರು.

"ಹೌದ್ರಿ ಕಾಕಾ. ಅವ್ರು ಬ್ಯಾರೆದು ಹಾಕಿಸ್ಯಾರ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮನೆ ಮುಟ್ಟುವಷ್ಟು ಎಣ್ಣೆ ಸುರಿದು, ಕಡ್ಡಿಯನ್ನು ಧೋತರದ ಚುಂಗಿನಿಂದ ಒರೆಸಿ, "ಸಾವಕಾಶ ಹೋಗವಾ" ಎಂದಷ್ಟೇ ಹೇಳಿ ಮೋಟರ್ ಸೈಕಲ್ ಹತ್ತಿದರು. ಅವರ ಬೈಗುಳಕ್ಕೆ ನಾನು ಒಗ್ಗಿದ್ದೆ, ಆ ಮೌನ ಮಾತ್ರ ನನ್ನ ಜೊತೆ ನವಲಗುಂದದ ತನಕ ಬಂತು. ಸಂಜೆ ಮನೆಯವರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. ಆದರೂ, "ಇಂಜಿನ್ ಎಣ್ಣಿ ಸುಡಾಕತ್ತಿದ್ದು ಸವೆತದಿಂದ, ಅದು ನನ್ನ ಎಣ್ಣಿ ತಪ್ಪಲ್ಲ" ಅಂದರು.

ಮುಂದಿನ ಸಂತೆಗೆ ಕಾಕಾ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕಾಕಾನ ಹೆಂಡತಿ ಕಾಕೂ ಫೋನು ಮಾಡಿದರು.

"ನಿಮ್ಮ ಕಾಕಾ ಸಿಟ್ಟಾಗ್ಯಾರ ನೋಡವಾ. ರೊಟ್ಟಿ ಮಾತ್ರ ಬಿಟ್ಟಿಲ್ಲ, ಮಾತು ಬಿಟ್ಟಾರ. ಮಗಳ ಲಗ್ನಾ ಮಾಡಿ ಕೊಟ್ಟಾಗೂ ಇಷ್ಟ ಮಾರಿ ಸಣ್ಣದ ಮಾಡಿದ್ದಿಲ್ಲ."

"ಏನಂತಾರ್ರಿ?"

"'ನನ್ನ ಗಾಡಿ, ನನಗ ಒಂದ ಮಾತ ಕೇಳಲಿಲ್ಲ' ಅಂತಾರ. ನಾ ಅಂದೆ, 'ನನ್ನ ಲಗ್ನಾ ಮಾಡುವಾಗ ನನಗರೆ ಯಾರ ಕೇಳ್ಯಾರ?' ಅಂತ. ಅದಕ್ಕ ಎದ್ದ ಹೊಲಕ್ಕ ಹೋದ್ರು."

ನನಗೆ ನಗೆ ಬಂತು, ಆದರೆ ಸಂಕಟವೂ ಆಯಿತು. ಇಬ್ಬರೂ ಎದುರುಬದುರು ಕೂತು ಜಗಳವಾಡಿದ್ದರೆ ಒಂದೇ ಚಹಾದಲ್ಲಿ ಮುಗಿಯುತ್ತಿತ್ತು. ರಜೆಯ ದಿನ ನೋಡಿ ಇಬ್ಬರಿಗೂ ಒಂದೇ ಮಾತು ಹೇಳಿದೆ: ಹುಬ್ಬಳ್ಳಿಗೆ ಹೋಗಿ ಎಣ್ಣೆ, ಫಿಲ್ಟರ್ ತರುವುದಿದೆ, ನನಗೆ ಗೊತ್ತಾಗುವುದಿಲ್ಲ, ನೀವು ಬರಬೇಕು. ಹೀಗೆ ಹೇಳಿದರೆ ಬರುವುದಿಲ್ಲ ಅನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ನಾನು ಓಡಿಸಿದೆ. ಮನೆಯವರು ನನ್ನ ಬಾಜು ಕುಳಿತು ಎಡಗಡೆಯ ಹೊಲ ನೋಡಿದರು. ಕಾಕಾ ಹಿಂದೆ ಕುಳಿತು ಬಲಗಡೆಯ ಹೊಲ ನೋಡಿದರು. ಹುಬ್ಬಳ್ಳಿ ಬರುವಷ್ಟರಲ್ಲಿ ಎರಡೂ ಬದಿಯ ಬೆಳೆ ಅವರಿಗೆ ಬಾಯಿಪಾಠವಾಗಿರಬೇಕು.

ಬಿಡಿಭಾಗದ ಅಂಗಡಿಯಲ್ಲಿ ಮಾತ್ರ ಇಬ್ಬರಿಗೂ ಒಟ್ಟಿಗೇ ಬಾಯಿ ಬಂತು. ಒಬ್ಬರು ಐದು ಅಂದರು, ಒಬ್ಬರು ಇಪ್ಪತ್ತು ಅಂದರು. ಅಂಗಡಿಯವರು ವ್ಯಾಪಾರಸ್ಥರು, ಎರಡನ್ನೂ ತಂದಿಟ್ಟು, ಜೊತೆಗೆ ಹೊಗೆ ನಿಲ್ಲಿಸುತ್ತದೆಂಬ ಕೆಂಪು ಬಾಟಲಿಯೊಂದನ್ನೂ ಇಟ್ಟರು.

"ಇದನ್ನ ಹಾಕ್ರಿ, ಇಂಜಿನ್ ಹೊಸಾದ ಆಕ್ಕತಿ."

"ಹಂಗಂದ್ರ ನಾನೂ ಒಂದ ಬಾಟ್ಲಿ ಕುಡೀತೀನಿ," ಅಂದರು ಕಾಕಾ. ನಮ್ಮ ಮನೆಯವರು ನಗದೆ ಇರಲು ಬಹಳ ಕಷ್ಟಪಟ್ಟರು.

ಇಬ್ಬರೂ ತಮ್ಮ ತಮ್ಮ ಡಬ್ಬಿ ಹಿಡಿದು ಅಂಗಡಿಯವರಿಗೆ ಪಾಠ ಹೇಳತೊಡಗಿದಾಗ ನಾನು ನಡುವೆ ಹೋಗಿ ನಿಂತೆ.

"ನೀವಿಬ್ಬರೂ ಸ್ವಲ್ಪ ನಿಲ್ರಿ. ಗಾಡಿ ಓಡಸಾಕಿ ನಾನು. ಕಾಕಾ, ನಿಮ್ಮ ಎಣ್ಣಿ ಇದ್ದಾಗ ಹೊಗಿ ಇದ್ದಿದ್ದಿಲ್ಲ, ಕಡ್ಡಿಯೊಳಗ ಎಣ್ಣಿ ಇಳೀತಿದ್ದಿಲ್ಲ, ಖರೆ. ಆದ್ರ ಮುಂಜಾನೆ ಏಳಾಕ ಅಳತಿತ್ತು. ನಿಮ್ಮದು ಹಾಕಿದಾಗ," ಎಂದು ಮನೆಯವರ ಕಡೆ ತಿರುಗಿದೆ, "ಲಗೂನ ಎದ್ದಿತು, ಆದ್ರ ಎಲ್ಲಾ ಕುಡದ ಹಾಕ್ತು. ನಡೂವಿಂದು ಇಲ್ಲೇನ್ರಿ?"

ಇತ್ತು. ಹದಿನೈದು ಡಬ್ಲ್ಯೂ ನಲವತ್ತು. ಬಹಳ ಓಡಿದ ಹಳೆಯ ಇಂಜಿನ್ನಿಗೆಂದೇ, ಒಣಗಿದ ರಬ್ಬರ್ ಸೀಲುಗಳು ಮೆತ್ತಗಾಗಲೆಂದು ಏನೋ ಬೆರೆಸಿದ್ದು. ನಮ್ಮ ಮನೆಯವರು ಅದರ ಹಿಂದಿನ ಸಣ್ಣ ಅಕ್ಷರಗಳನ್ನೆಲ್ಲ ಓದಿದರು. ಕಾಕಾ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಅದರಿಂದ ಏನು ತಿಳಿಯಿತೋ, ತಲೆಯಾಡಿಸಿದರು.

ಆಮೇಲೆ ಫಿಲ್ಟರ್. ಕಾಕಾ ಕೈ ಹಾಕಿದ್ದು ಎಂದಿನ ಅಗ್ಗದ ಆಯಿಲ್ ಫಿಲ್ಟರಿಗೆ. ನಾನು ಕಾರಿನ ಕಂಪನಿಯದೇ ಇನ್ನೊಂದನ್ನು ಕೇಳಿ, ಎರಡನ್ನೂ ಪಕ್ಕದಲ್ಲಿಟ್ಟು ತೂತಿನೊಳಗೆ ಬೆರಳು ಹಾಕಿ ನೋಡಿದೆ. ಒಂದರಲ್ಲಿ ಒಳಗೆ ಮೆತ್ತನೆಯ ರಬ್ಬರಿನ ಪದರ ತಡೆಯಿತು. ಅಗ್ಗದ್ದರಲ್ಲಿ ಅದು ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಗಾಡಿ ನಿಂತಾಗ ಎಣ್ಣೆ ಹಿಂದಕ್ಕೆ ಇಳಿದುಹೋಗದಂತೆ ಹಿಡಿಯುವ ರಬ್ಬರ್ ಅದು ಎಂದು ಅಂಗಡಿಯವರು ಹೇಳಿದರು. ಅದು ಸರಿ ಹಿಡಿಯದಿದ್ದರೆ ರಾತ್ರಿಯೆಲ್ಲ ಇಳಿದ ಎಣ್ಣೆ ಬೆಳಿಗ್ಗೆ ಮತ್ತೆ ಮೇಲೆ ಏರುವ ತನಕ ಟಕಟಕ.

ನಾನು ಇಬ್ಬರ ಮುಖವನ್ನೂ ನೋಡಿದೆ. ಅಂಥ ಫಿಲ್ಟರ್ ಹಾಕುತ್ತ ಬಂದವರು ಒಬ್ಬರು, ಅದನ್ನೇ ಬಿಟ್ಟು ಎಣ್ಣೆ ಬದಲಿಸಿದವರು ಇನ್ನೊಬ್ಬರು. ಇಬ್ಬರೂ ಒಂದೇ ಹೊತ್ತಿಗೆ ಗೋಡೆಯ ಮೇಲಿನ ಟೈರಿನ ಚಿತ್ರ ನೋಡತೊಡಗಿದರು.

ಗಾಳಿಯ ಫಿಲ್ಟರ್ ಬೇಡವೇ ಬೇಡ ಎಂದು ಕಾಕಾ ಹಟ ಹಿಡಿದರು. "ಈಗರೆ ದೀಪಾವಳಿಗೆ ಕೊಟಗಿ ಕಂಬಕ್ಕ ಬಡದ ಸ್ವಚ್ಛ ಮಾಡೀನಿ. ಅಗದಿ ಚಲೋ ಐತಿ." ಹೊರಗೆ ಹೋಗಿ ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿದೆವು. ಕಾಗದದ ಮಡಿಕೆಯಲ್ಲಿ ಕಡಲೆ ಹೊಟ್ಟು ಕುಳಿತಿತ್ತು, ಬಡಿದ ಜಾಗದಲ್ಲಿ ಹರಿದು ಬಿಸಿಲು ನೇರವಾಗಿ ಈಚೆ ಬರುತ್ತಿತ್ತು.

"ಕಾಕಾ, ಇದು ಫಿಲ್ಟರ್ ಅಲ್ರಿ, ಕಿಡಕಿ," ಅಂದರು ನಮ್ಮ ಮನೆಯವರು.

"ಅದಕ್ಕೂ ಗಾಳಿ ಆಡಬೇಕಲ್ಲಲೇ ತಮ್ಮಾ!"

ಅಷ್ಟು ದಿನಗಳ ಮೇಲೆ ಇಬ್ಬರೂ ಪರಸ್ಪರ ಆಡಿದ ಮೊದಲ ಮಾತು ಅದು. ನಾನು ಅಂಗಡಿಗೆ ಮರಳಿ ಗಾಳಿಯ ಫಿಲ್ಟರ್ ಎರಡು ತಂದೆ, ನಮ್ಮ ಧೂಳಿಗೆ ಒಂದು ಸಾಲದೆಂದು.

ಶಲವಡಿಯ ಅಂಗಳದಲ್ಲಿ ಅಂದೇ ಎಣ್ಣೆ ಬದಲಾಯಿತು. ಕಾರಿನ ಮುಂಭಾಗ ಎತ್ತಿ, ಗಾಲಿಗೆ ಕಲ್ಲು ಕೊಟ್ಟು, ಕೆಳಗೆ ಗೋಣಿತಟ್ಟು ಹಾಸಿ ಮಲಗಿದವರು ನಮ್ಮ ಮನೆಯವರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಿರ್ದೇಶನ ಕೊಟ್ಟವರು ಕಾಕಾ. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಬೇಕೆಂದು ಇವರಿಗೆ ಗೊತ್ತಿತ್ತು. ಹಳೆಯ ಉಂಗುರ ಇಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ನೋಡು ಎಂದು ಕಾಕಾ ಹೇಳಿದರು. ಉಳಿದಿತ್ತು. ಹಾಗೇ ಬಿಟ್ಟಿದ್ದರೆ ಎಣ್ಣೆಯೆಲ್ಲ ಅಲ್ಲಿಂದಲೇ ಹೊರಗೆ. ಕಪ್ಪು ಎಣ್ಣೆಯನ್ನು ಏನು ಮಾಡಬೇಕೆಂಬುದಕ್ಕೆ ಮತ್ತೆ ಜಗಳ ಹತ್ತಿಕೊಂಡಿತು. ಗೆದ್ದಲು ಬರದಂತೆ ಕೊಟ್ಟಿಗೆಯ ಕಂಬಕ್ಕೆ ಬಳಿಯುತ್ತೇನೆ ಎಂದು ಕಾಕಾ, ಅದು ವಿಷ, ವಾಪಸ್ ಕೊಡಬೇಕು ಎಂದು ಇವರು. ದನಿ ಓಣಿಗೆಲ್ಲ ಕೇಳಿಸುತ್ತಿತ್ತು. ಕಾಕೂ ಚಹಾ ತಂದು ಕಟ್ಟೆಯ ಮೇಲಿಟ್ಟು, "ಬೈದಾಡಾಕತ್ತಾರ, ಇನ್ನ ಚಿಂತಿಲ್ಲ ಬಿಡು," ಅಂದರು ನನಗೆ.

ಮರುದಿನ ಬೆಳಿಗ್ಗೆ ಕಾರು ಸುಮ್ಮನೆ ಎದ್ದಿತು. ಎಣ್ಣೆ ಈಗಲೂ ಅಷ್ಟಿಷ್ಟು ಕುಡಿಯುತ್ತದೆ. ವಾರಕ್ಕೊಮ್ಮೆ ಕಡ್ಡಿ ನೋಡಿ, ಬೇಕಾದಾಗ ಒಂದಿಷ್ಟು ಸೇರಿಸುತ್ತೇನೆ. ಮೊದಲ ಅಂಕಿ ಇಳಿದದ್ದರಿಂದ ತಮ್ಮದೇ ಗೆಲುವು ಎಂದು ನಮ್ಮ ಮನೆಯವರು ಕಾಲೇಜಿನಲ್ಲೆಲ್ಲ ಹೇಳಿಕೊಂಡರು. ಎರಡನೆಯ ಅಂಕಿ ಮೂವತ್ತಕ್ಕೆ ಹೋಗದೆ ನಲವತ್ತಕ್ಕೆ ನಿಂತದ್ದರಿಂದ ತಮ್ಮದೇ ಗೆಲುವು ಎಂದು ಕಾಕಾ ಸಂತೆಯಲ್ಲೆಲ್ಲ ಹೇಳಿಕೊಂಡರು. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ.

ಆ ಬೇಸಿಗೆಯಲ್ಲಿ ಕಾಕಾನ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ನಾವು ನಾಲ್ವರೂ ಅದೇ ಕಾರಿನಲ್ಲಿ ದೇವಿಕೊಪ್ಪಕ್ಕೆ ಹೋಗಿ ಬಂದೆವು. ಬರುವಾಗ ಗಂಡಸರಿಬ್ಬರೂ ಟೈರಿನ ಗಾಳಿಯ ಬಗ್ಗೆ ವಾದಕ್ಕಿಳಿದಿದ್ದರು. ಕಾಕೂ ಬಹಳ ಹೊತ್ತಿನಿಂದ ನನ್ನ ಕೈಕಾಲುಗಳನ್ನೇ ನೋಡುತ್ತಿದ್ದವರು ಮುಂದಕ್ಕೆ ಬಾಗಿ ಕೇಳಿದರು:

"ಯವ್ವಾ, ನನಗೂ ಇದನ್ನ ಓಡಸಾಕ ಕಲಸ್ತೀಯೇನು?"

"ಬ್ಯಾಡ!" ಎಂದರು ಕಾಕಾ ಮತ್ತು ನಮ್ಮ ಮನೆಯವರು, ಒಂದೇ ದನಿಯಲ್ಲಿ. ಕಾರಿನ ವಿಷಯದಲ್ಲಿ ಅವರಿಬ್ಬರೂ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ಭಾನುವಾರ ಶಲವಡಿಯಲ್ಲಿ ಅವರಿಬ್ಬರೂ ಊಟ ಮಾಡಿ ಅಡ್ಡಾದ ಮೇಲೆ, ನಾನು ಮತ್ತು ಕಾಕೂ ಒಕ್ಕಲು ಮುಗಿದ ಖಾಲಿ ಕಣಕ್ಕೆ ಹೋದೆವು. ಕಾಕೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೇರಿಂಗನ್ನು ಬೀಸುವ ಕಲ್ಲಿನ ಗೂಟದಂತೆ ಬಿಗಿಯಾಗಿ ಹಿಡಿದು ಕುಳಿತರು. ಕಾರು ಜಿಗಿದು ನಿಂತಿತು. ಮತ್ತೆ ಚಾಲೂ ಮಾಡಿದರು, ಮತ್ತೆ ಜಿಗಿಯಿತು. ಆಮೇಲೆ ಮೆಲ್ಲಗೆ, ಎಮ್ಮೆ ನೀರಿಗೆ ಇಳಿಯುವ ಹಾಗೆ, ಮುಂದೆ ಸರಿಯಿತು. ಕಾಕೂ ಕಣದ ಸುತ್ತ ಒಂದು ಸುತ್ತು ಬಂದು, ನನ್ನ ಕಡೆ ತಿರುಗದೆಯೇ ಕೇಳಿದರು:

"ಹಾರ್ನ್ ಎಲ್ಲೈತಿ?"