ಸಾಹೇಬರು ಬರುವ ದಿನ ಗುಡಿಸಬಾರದು

ಹರಪನಹಳ್ಳಿಯ ನಮ್ಮ ಓಣಿಯ ಬೆನ್ನಿಗೇ ಮಂಡಕ್ಕಿ ಭಟ್ಟಿಗಳಿದ್ದವು. ತೊಂಬತ್ತರ ದಶಕದಲ್ಲಿ ಭತ್ತದ ಹೊಟ್ಟಿನ ಜೊತೆ ಹಳೇ ಟೈರುಗಳನ್ನೂ ಒಲೆಗೆ ತುಂಬತೊಡಗಿದರು. ಒಣಹಾಕಿದ ಬಟ್ಟೆ, ಮುಚ್ಚಿಟ್ಟ ಅನ್ನ, ಮೂಗಿನೊಳಗೆ, ಎಲ್ಲ ಕಡೆ ಮಸಿ. ಅವ್ವನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಆದರೂ ಭಟ್ಟಿಯ ಹೊಗೆಯ ವಿರುದ್ಧ ನಾನು ಬರೆದ ಅರ್ಜಿಯ ಕಾಯಿಲೆಯವರ ಪಟ್ಟಿಗೆ ಅವಳು ಹೆಸರು ಕೊಡಲಿಲ್ಲ.

“ತಾಯಿಗೆ ದಮ್ಮು ಐತಿ ಅಂದ್ರ ನಿನ್ನ ನೋಡಾಕ ಯಾರು ಬರ್ತಾರ?” ಅಂದಳು.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟೈಪಿಂಗ್ ಕ್ಲಾಸಿನಲ್ಲೇ ಅರ್ಜಿ ಟೈಪ್ ಮಾಡಿ, ಓಣಿಯ ಹೆಂಗಸರ ಹೆಬ್ಬೆಟ್ಟು ಒತ್ತಿಸಿ, ಪುರಸಭೆ ಕಚೇರಿಗೆ ಅಲೆದೆ. ಕೊನೆಗೂ ಸಾಹೇಬರೊಬ್ಬರು ನೋಡಲು ಬರುತ್ತಾರೆಂದು ತಿಳಿದಾಗ ಕುಣಿದಾಡಿಬಿಟ್ಟೆ. ಅವರು ಬರುವ ದಿನ ಮುಂಜಾನೆ ಎದ್ದು ನೋಡಿದರೆ ಓಣಿಗೆ ಓಣಿಯೇ ಫಳಫಳ! ಹೆಂಗಸರೆಲ್ಲ ಗೋಡೆ ಒರೆಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಹಾಕಿದ್ದರು. ಅವ್ವ ಕೂಡ, ನಡುನಡುವೆ ಗೋಡೆಗೆ ಆತು ನಿಂತು. ದೊಡ್ಡವರು ಬರುವಾಗ ಬಾಗಿಲಲ್ಲಿ ಮಸಿ ಇರಬಹುದೇ? ಸುದ್ದಿ ತಿಳಿದ ಭಟ್ಟಿಯವರು ಬೆಂಕಿಯನ್ನೂ ಆರಿಸಿದ್ದರು. ಸಾಹೇಬರು ಚಹಾ ಕುಡಿದು, ಓಣಿ ಸ್ವಚ್ಛವಾಗಿದೆ ಎಂದು ಬರೆದುಕೊಂಡು ಹೋದರು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮತ್ತೆ ಅಲೆದೆ. ಅವರು ಎರಡನೇ ಸಲ ಬರುತ್ತಾರೆಂದಾಗ, ಮೂರು ದಿನ ಯಾರೂ ಪೊರಕೆ ಮುಟ್ಟಬಾರದೆಂದು ಮನೆಮನೆಗೆ ಹೋಗಿ ಆಣೆ ಹಾಕಿಸಿದೆ. ಬೆಂಕಿ ಆರಿಸಬಹುದು, ಗೋಡೆಯ ಮಸಿ ಎಲ್ಲಿಗೆ ಹೋದೀತು? ನಮ್ಮ ಮನೆಯ ಪೊರಕೆಯನ್ನು ತಗಡಿನ ಸೂರಿನ ಮೇಲಕ್ಕೆ ಎಸೆದೆ. ಮೂರು ದಿನ ಅವ್ವ ನನ್ನ ಜೊತೆ ಮಾತಾಡಲಿಲ್ಲ.

ಸಾಹೇಬರು ಬಂದು ನಮ್ಮ ಬಾಗಿಲ ಚೌಕಟ್ಟಿನ ಮೇಲೆ ಬೆರಳೆಳೆದರು. ಬೆರಳು ಕಪ್ಪಾಯಿತು. ಗೆದ್ದೆ ಅಂದುಕೊಂಡೆ. ಕೈ ತೊಳೆಯಲು ಅವರು ನೀರು ಕೇಳಿದಾಗ ಅವ್ವ ತಂಬಿಗೆ ಹಿಡಿದು ಹೊರಬಂದಳು. ಅವರು ಗೋಡೆ ನೋಡುತ್ತಿದ್ದುದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ನಾವು ಹೊಲಸು ಮಂದಿ ಅಲ್ರಿ. ವರ್ಷಾತು, ನನಗ ದಮ್ಮು ಹತ್ತತೈತಿ. ಬಗ್ಗಿ ಗುಡಿಸಾಕ ಆಗಂಗಿಲ್ಲ. ಅದಕ್ಕ ಮನಿ ಹಿಂಗೈತಿ.”

ಓಣಿಯೆಲ್ಲ ಬಾಗಿಲುಗಳಲ್ಲಿ ನಿಂತು ಕೇಳುತ್ತಿತ್ತು. ಸಾಹೇಬರು ಪೆನ್ನು ತೆಗೆದು ಅವಳ ಹೆಸರು ಕೇಳಿದರು. ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ಹೇಳಿದಳು.

ನನಗೆ ಬೇಕಾಗಿದ್ದ ಸಾಕ್ಷಿ ಸಿಕ್ಕಿತ್ತು. ಅವಳನ್ನು ಊರ ಮುಂದೆ ನಾಚಿಸಿ ನಾನೇ ಅದನ್ನು ಕಿತ್ತುಕೊಂಡಿದ್ದೆ. ಅವಳ ಕೈಯ ತಂಬಿಗೆ ಇಸಿದುಕೊಳ್ಳಲೂ ನನಗೆ ಧೈರ್ಯವಾಗಲಿಲ್ಲ.