ಖಂಡೆ ಪೂಜೆಯ ಲ್ಯಾಪ್‌ಟಾಪು

ನಾನು ವಾದ ಮಾಡಲು ಕಲಿತದ್ದು ಅಪ್ಪನ ಗೆಳೆಯನ ಹತ್ತಿರ. ಹಳಿಯಾಳದ ಕಾಲೇಜಿನ ಚರ್ಚಾಕೂಟದವರು ಅದು ತಮ್ಮ ತಾಲೀಮು ಎಂದು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ನಾನಿನ್ನೂ ಹಾಲುಹಲ್ಲು ಬೀಳುವ ಹುಡುಗಿಯಾಗಿದ್ದಾಗಲೇ, ಚಹಾ ಸಿಹಿಯಾಗಿದೆ ಅಂದರೆ "ಯಾರ ನಾಲಿಗಿಗೆ?" ಎಂದು ಕೇಳುತ್ತಿದ್ದ ಮನುಷ್ಯ ಅವನು. ಕಾಕಾ ಎಂದು ಕರೆಯುತ್ತಿದ್ದೆ, ರಕ್ತಸಂಬಂಧ ಏನೂ ಇಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಅವನೂ ಅಪ್ಪನೂ ಒಂದೇ ಪಾಳಿಯ ಫಿಟ್ಟರುಗಳು. ಅಪ್ಪನದು ಬೆಳಗಾವಿ ಕಡೆಯ ಹಳ್ಳಿ, ಕಾಕಾನದು ಮುಂಡಗೋಡ ತಾಲೂಕಿನ ಪಾಳಾ.

ರಜೆಯಲ್ಲಿ ಪಾಳಾಕ್ಕೆ ಹೋದರೆ ಕಾಕಾ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಟಿಬೆಟಿಯನ್ನರ ಕ್ಯಾಂಪಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಮಠದ ಅಂಗಳದಲ್ಲಿ ಕೆಂಪು ಬಟ್ಟೆಯ ಸನ್ಯಾಸಿಗಳು ಜೋಡಿ ಜೋಡಿಯಾಗಿ ವಾದ ಮಾಡುತ್ತಿದ್ದರು. ಒಬ್ಬ ಕೂತಿರುತ್ತಿದ್ದ, ಇನ್ನೊಬ್ಬ ನಿಂತು ಪ್ರಶ್ನೆ ಎಸೆದು ಚಟ್ಟನೆ ಚಪ್ಪಾಳೆ ಹೊಡೆಯುತ್ತಿದ್ದ. ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ಯಾವ ಜೋಡಿಯಲ್ಲಿ ಯಾರು ಗೆದ್ದರು ಎಂದು ಕಾಕಾ ತೀರ್ಪು ಕೊಡುತ್ತಿದ್ದ, ನಾನು ಒಪ್ಪುತ್ತಿರಲಿಲ್ಲ. ಮನೆ ಮುಟ್ಟುವ ತನಕ ಅದೇ ಜಗಳ.

ಇಬ್ಬರೂ ನಿವೃತ್ತರಾದ ಮೇಲೆ ಕಾಕಾ ಪುಣೆಯಲ್ಲಿರುವ ಮಗಳ ಮನೆಗೆ ಹೋದ. ಅಪ್ಪ ದಾಂಡೇಲಿ ಬಿಡಲಿಲ್ಲ. ವಯಸ್ಸಾಗುತ್ತ ಅಪ್ಪನ ಕಿವಿ ಮಂದವಾಯಿತು. ಕಿವಿಗೆ ಇಟ್ಟುಕೊಳ್ಳುವ ಯಂತ್ರ ಕೊಡಿಸಿದೆವು. ಅದನ್ನು ಹಾಕಿಕೊಂಡರೆ ಅವ್ವನ ಮಾತಿಗಿಂತ ಫ್ಯಾನಿನ ಮಾತೇ ಜೋರಾಗಿ ಕೇಳುತ್ತದೆ ಎಂದು ಡಬ್ಬಿಯಲ್ಲೇ ಇಟ್ಟ. ಅದಕ್ಕೇ ಪ್ರತಿ ರವಿವಾರ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಕಾಕಾನ ಜೊತೆ ಮಾತು. ದೊಡ್ಡ ಹೆಡ್‌ಫೋನು ಹಾಕಿಕೊಂಡು, ಪರದೆಯ ಮೇಲೆ ಗೆಳೆಯನ ತುಟಿ ನೋಡುತ್ತ ಅಪ್ಪ ಕೇಳುತ್ತಿದ್ದ. ತುಟಿ ಓದುವುದು ಕಿವಿ ಹೋದ ಮೇಲೆ ಕಲಿತದ್ದಲ್ಲ. ಮಷೀನಿನ ಹತ್ತಿರ ಕೂಗಿದರೂ ಕೇಳದ ಜಾಗದಲ್ಲಿ ಅವರು ದುಡಿದವರು. ಅಲ್ಲಿ ಎಲ್ಲರೂ ಬಾಯಿಯ ಆಕಾರದಲ್ಲಿ, ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ಚಹಾಕ್ಕೆ ಒಂದು ಸನ್ನೆ, ಕಾಗದ ಹರಿಯಿತು ಅನ್ನುವುದಕ್ಕೆ ಒಂದು, ಸಾಹೇಬರು ಬಂದರು ಅನ್ನುವುದಕ್ಕೆ ಒಂದು. ಸಾಹೇಬರ ಸನ್ನೆಯನ್ನು ಮಾತ್ರ ನನಗೆ ಹೇಳಿಕೊಡಲು ಅವ್ವ ಬಿಡಲಿಲ್ಲ.

ಆ ವರ್ಷ ದಸರೆಗೆ ಮುಂಚೆ ಕಾಕಾನ ಮಗಳು ಫೋನು ಮಾಡಿದಳು. ಅವನ ಗಂಟಲಿನಲ್ಲಿ ಗಡ್ಡೆ ಇತ್ತು. ಸೋಮವಾರ ಆಪರೇಶನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅಲ್ಲಿಯ ತನಕ ಹೊರಗಿನವರು ಯಾರೂ ಬರಬಾರದು, ಸೋಂಕು ತಗಲಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ನಾನು ಇದನ್ನು ಕಾಗದದ ಮೇಲೆ ಬರೆದು ಅಪ್ಪನಿಗೆ ತೋರಿಸಿದೆ. ಓದಿ, ಮಡಚಿ, ಕಿಸೆಗಿಟ್ಟುಕೊಂಡು, ರವಿವಾರ ಐತಲ್ಲ ಅಂದ. ಅಷ್ಟೇ. ಗೆಳೆಯನ ದನಿ ಕೇಳಲು ಅವನಿಗೆ ಉಳಿದದ್ದು ಆ ಒಂದು ರವಿವಾರ.

ಶುಕ್ರವಾರ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಮನೆಯಲ್ಲಿರುವ ನಟ್ಟು ಬಿಚ್ಚುವ ಪಾನ, ಸುತ್ತಿಗೆ, ಹಾರೆ, ಈಳಿಗೆ, ಅವ್ವನ ಹೊಲಿಗೆ ಯಂತ್ರ ಎಲ್ಲವನ್ನೂ ತಿಕ್ಕಿ, ಒರೆಸಿ, ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂ ಇಡುವುದು ಅಪ್ಪನ ಪಾಲಿನ ಕೆಲಸ. ಲ್ಯಾಪ್‌ಟಾಪನ್ನೂ ಸಾಲಿನಲ್ಲಿಟ್ಟ. ಹಾರೆಗೂ ಲ್ಯಾಪ್‌ಟಾಪಿಗೂ ಒಂದೇ ದೇವರೇನು ಎಂದು ನಾನು ಕೇಳಿದೆ. ಎರಡೂ ದುಡೀತಾವಲ್ಲ, ನಿನ್ನಂಗ ಕೂತು ಮಾತಾಡೂದಿಲ್ಲ ಅಂದ.

ಶನಿವಾರ ಮಧ್ಯಾಹ್ನ, ನಾಳೆಗೆ ಸರಿ ಇರಲಿ ಎಂದು ಲ್ಯಾಪ್‌ಟಾಪು ತೆರೆದರೆ ವೈಫೈ ಇಲ್ಲ. ಮನೆಯ ಫೋನುಗಳಿಗೆಲ್ಲ ಸಿಗುತ್ತಿತ್ತು, ಇದಕ್ಕೆ ಮಾತ್ರ ಇಲ್ಲ. ತಂತಿ ಹಚ್ಚಬಹುದಿತ್ತಲ್ಲ ಎಂದು ಕೇಳುವವರಿಗೆ ಈಗಲೇ ಉತ್ತರಿಸಿಬಿಡುತ್ತೇನೆ. ಬೆಳಗಾವಿಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಲ್ಯಾಪ್‌ಟಾಪು ಅದು, ಇಂಟರ್ನೆಟ್ ತಂತಿ ಸಿಕ್ಕಿಸುವ ಬಾಯಿ ಕೊಂಡಾಗಲೇ ಮುರಿದಿತ್ತು. ಫೋನನ್ನೇ ಲ್ಯಾಪ್‌ಟಾಪಿಗೆ ಜೋಡಿಸೋಣವೆಂದರೆ ನಮ್ಮನೆಯ ತಂತಿಗಳೆಲ್ಲ ಚಾರ್ಜಿಗಷ್ಟೇ ಆಗುವಂಥವು, ದಸರೆಯ ದಿನ ಪೇಟೆ ಬಂದ್. ಇನ್ನು ಬರೀ ಫೋನಿನಲ್ಲಿ ಮಾತಾಡಿಸೋಣವೆಂದರೆ ಅಂಗೈಯಗಲದ ಪರದೆಯಲ್ಲಿ ಅಪ್ಪನಿಗೆ ತುಟಿ ಕಾಣುತ್ತಿರಲಿಲ್ಲ. ತುಟಿ ಕಾಣದೆ ದನಿ ಅರ್ಥವಾಗುತ್ತಿರಲಿಲ್ಲ.

ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿದವಳು ನಾನೇ, ಹಾಗಾಗಿ ಬಿಡಿಸುವ ಹೊಣೆಯೂ ನನ್ನದೇ. ಲಿನಕ್ಸಿನ ನಡುವೆ ಕರ್ನೆಲ್ ಎಂಬ ಗರ್ಭಗುಡಿ ಇದೆ. ವೈಫೈ ಕಾರ್ಡಿನಂಥ ಬಿಡಿಭಾಗಗಳನ್ನು ಮುಟ್ಟುವ ಹಕ್ಕು ಅದರೊಳಗೆ ಕೂತ ಡ್ರೈವರು ಎಂಬ ತಂತ್ರಾಂಶಗಳಿಗೆ ಮಾತ್ರ. ಹೊರಗಿನ ನಾವು ಹೊಸ್ತಿಲಲ್ಲಿ ನಿಂತು ಕೇಳಬೇಕು, ಅದು ಉತ್ತರ ಕೊಡಬೇಕು. ಡ್ರೈವರನ್ನು ಇಳಿಸಿ ಮತ್ತೆ ಏರಿಸಿದೆ. ಕಾರ್ಡು ಕಾಣುತ್ತಿತ್ತು, ಹೆಸರೂ ಹೇಳುತ್ತಿತ್ತು. ಎದ್ದು ನಿಲ್ಲು ಅಂದರೆ ಮಾತ್ರ, ರೇಡಿಯೋ ತಡೆಯಲಾಗಿದೆ, ಸಾಧ್ಯವಿಲ್ಲ ಎಂಬ ಉತ್ತರ. ಯಾರು ತಡೆದದ್ದು ಎಂದು ಕೇಳುವ ಆಜ್ಞೆಯೂ ಇದೆ. ಕೇಳಿದೆ. ಪಟ್ಟಿಯಲ್ಲಿದ್ದ ಪ್ರತಿಯೊಂದಕ್ಕೂ ಅದೇ ಎರಡು ಸಾಲು ಬಂತು. ಸಾಫ್ಟ್ ಬ್ಲಾಕ್: ಇಲ್ಲ. ಹಾರ್ಡ್ ಬ್ಲಾಕ್: ಹೌದು.

ಸಾಫ್ಟ್ ಎಂದರೆ ತಂತ್ರಾಂಶ ಹಾಕಿದ ತಡೆ, ನಾನು ಕೂತಲ್ಲಿಂದಲೇ ತೆಗೆಯಬಹುದು. ಹಾರ್ಡ್ ಎಂದರೆ ಯಾರೋ ಕೈಯಾರೆ ಒಂದು ಸ್ವಿಚ್ಚು ಬಂದ್ ಮಾಡಿದ್ದಾರೆ ಎಂದರ್ಥ. ಅದನ್ನು ಯಾವ ಆಜ್ಞೆಯೂ ತೆಗೆಯಲಾರದು. ಸ್ವಿಚ್ಚು ಎಲ್ಲಿದೆ? ಆ ಲ್ಯಾಪ್‌ಟಾಪಿನಲ್ಲಿ ಅಂಥದ್ದೊಂದನ್ನು ನಾನು ಎಂದೂ ಕಂಡಿರಲಿಲ್ಲ. ಇಲ್ಲದ ಸ್ವಿಚ್ಚು ಬಂದ್ ಆಗುವುದು ಹೇಗೆ? ಅಂದಮೇಲೆ ಕರ್ನೆಲ್ ಸುಳ್ಳು ಹೇಳುತ್ತಿದೆ.

ಇದು ನನ್ನ ಹಟವಷ್ಟೇ ಆಗಿರಲಿಲ್ಲ, ಆಧಾರವೂ ಇತ್ತು. ಕೆಲವು ಲ್ಯಾಪ್‌ಟಾಪುಗಳಲ್ಲಿ ಕಂಪನಿಯವರ ಗುಂಡಿ, ದೀಪಗಳನ್ನು ನೋಡಿಕೊಳ್ಳುವ ಒಂದು ಸಹಾಯಕ ಡ್ರೈವರು ಇರುತ್ತದೆ. ಇಲ್ಲದ ಸ್ವಿಚ್ಚನ್ನು ಇದೆ ಎಂದು, ಬಂದ್ ಆಗಿದೆ ಎಂದು ಅದು ಕರ್ನೆಲ್ಲಿಗೆ ಚಾಡಿ ಹೇಳುವುದುಂಟು. ಅದನ್ನು ತೆಗೆದುಹಾಕಿದರೆ ವೈಫೈ ಬರುತ್ತದೆ ಎಂದು ಜಾಲತಾಣಗಳಲ್ಲಿ ಜನ ಬರೆದುಕೊಂಡಿದ್ದರು. ಸಂತೋಷವಾಯಿತು. ಸುಳ್ಳುಸಾಕ್ಷಿಯನ್ನು ಹಿಡಿಯುವುದೆಂದರೆ ನನಗೆ ಹಬ್ಬದೂಟವಿದ್ದಂತೆ.

ಅಷ್ಟರಲ್ಲಿ ಅಪ್ಪ ಬನ್ನಿ ಮುಡಿಯಲು ಹೊರಟು ನಿಂತಿದ್ದ. ಆತಾ ಎಂದು ಕೈಯಲ್ಲಿ ಕೇಳಿದ. ಆಗತೈತಿ ಎಂದು ನಾನೂ ಕೈಯಲ್ಲೇ ಹೇಳಿದೆ. ಹೊಸ್ತಿಲು ದಾಟಿದವನು ಮತ್ತೆ ಒಳಗೆ ಬಂದು, ಆಗದಿದ್ದರ ಈಗ ಹೇಳು, ಅಣಶಿಗೆ ಹೋಗಿ ಕೂಡತೇನಿ ಅಂದ. ಅಣಶಿಯ ಕಾಡಿನಲ್ಲಿ ಸಿಗ್ನಲ್ ಸಿಗದು, ಫೋನೆಂದರೆ ಬರೀ ಗಡಿಯಾರ. ನಗಿಸಲು ಹೇಳಿದ ಮಾತು. ಅವನ ಮುಖದಲ್ಲಿ ನಗೆ ಇರಲಿಲ್ಲ.

ಅದು ಯಾವ ಡ್ರೈವರು ಎಂದು ಹುಡುಕುವುದರಲ್ಲೇ ಶನಿವಾರ ರಾತ್ರಿಯಾಯಿತು. ರವಿವಾರ ಬೆಳಿಗ್ಗೆ ಚಹಾ ಕುಡಿದು ಆ ಸಹಾಯಕ ಡ್ರೈವರನ್ನು ಕರ್ನೆಲ್ಲಿನಿಂದ ಹೊರಹಾಕಿದೆ. ಮತ್ತೆ ಕೇಳಿದೆ. ಅದರ ಸಾಕ್ಷ್ಯ ಪಟ್ಟಿಯಿಂದ ಮಾಯವಾಗಿತ್ತು. ಆದರೆ ವೈಫೈ ಕಾರ್ಡು ತಾನೇ ತನ್ನ ಪರವಾಗಿ ಹೇಳುವ ಸಾಲು ಹಾಗೇ ಉಳಿದಿತ್ತು. ಹಾರ್ಡ್ ಬ್ಲಾಕ್: ಹೌದು.

ಇಲ್ಲಿ ನನ್ನ ವಾದ ಮುರಿದುಬಿತ್ತು. ಒಬ್ಬ ಸಾಕ್ಷಿ ಸುಳ್ಳು ಹೇಳಬಹುದು. ಅವನನ್ನು ಊರುಬಿಡಿಸಿದ ಮೇಲೂ, ಅವನಿಗೆ ಸಂಬಂಧವಿಲ್ಲದ ಇನ್ನೊಬ್ಬ ಅದೇ ಮಾತು ಹೇಳಿದರೆ ನಂಬಲೇಬೇಕು. ಕರ್ನೆಲ್ ನಿಜ ಹೇಳುತ್ತಿತ್ತು. ಈ ಮನೆಯಲ್ಲಿ ಯಾರದೋ ಕೈ ಒಂದು ಸ್ವಿಚ್ಚು ಬಂದ್ ಮಾಡಿತ್ತು.

ಅಪ್ಪ ಆಗಲೇ ಮೀಸೆ ತಿದ್ದಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಹೆಡ್‌ಫೋನು ಕೊರಳಲ್ಲಿತ್ತು. ಎದುರಿಗೆ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದೆ.

"ಅಪ್ಪಾ, ಇದರಾಗ ಯಾವುದರ ಸ್ವಿಚ್ ಯಾರರ ಬಂದ್ ಮಾಡ್ಯಾರೇನು?"

"ನಾನ ಮಾಡೇನಿ," ಅಂದ. "ಯಂತ್ರ ತಿಕ್ಕೂ ಮುಂದ ಮೇನ್ ಬಂದ್ ಮಾಡಬೇಕಲ್ಲ."

"ಮತ್ತ ಚಾಲೂ ಮಾಡಲಿಲ್ಲ?"

"ಪೂಜಿ ಆದ ಮ್ಯಾಲೆ ಮರುದಿನದ ಮಟಾ ಯಾರು ಚಾಲೂ ಮಾಡತಾರ? ನಿನ್ನೆ ನೀ ತೆಗದಿ, ಲೈಟ್ ಬಂತು. ನೀನ ಮೇನ್ ಹಾಕೀದಿ ಅನ್ಕೊಂಡೆ."

ಕಾರ್ಖಾನೆಯಲ್ಲಿ ಅವರದೊಂದು ನಿಯಮವಿತ್ತು. ಯಂತ್ರಕ್ಕೆ ಕೈ ಹಾಕುವ ಮುಂಚೆ ಅದರ ಮೇನ್ ಬಂದ್ ಮಾಡಿ, ತನ್ನದೇ ಒಂದು ಕೆಂಪು ಬಿಲ್ಲೆಯನ್ನು ಅಲ್ಲಿ ತೂಗುಹಾಕಬೇಕು. ಯಾರು ಹಾಕಿದರೋ ಅವರೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಅಪ್ಪನ ಬೆರಳುಗಳಿಗೆ ಅದು ಉಸಿರಾಟದಷ್ಟೇ ರೂಢಿ. ಲ್ಯಾಪ್‌ಟಾಪಿನಲ್ಲಿ ಸರಿಯುವ ಸ್ವಿಚ್ಚೊಂದು ಕೈಗೆ ಸಿಕ್ಕಿದೆ. ಇದೇ ಮೇನ್ ಎಂದು ಸರಿಸಿದ್ದಾನೆ. ಅದು ವೈಫೈಯದು.

ಎಲ್ಲಿ, ತೋರಿಸು ಅಂದೆ. ಮುಂಭಾಗದ ಅಂಚಿನ ಮೇಲೆ ಬೆರಳಿಟ್ಟ. ಅಲ್ಲಿ ಅವನೇ ಎಳೆದ ವಿಭೂತಿ ಗಟ್ಟಿಯಾಗಿ ಒಣಗಿ, ಅದರ ಮೇಲೆ ಕುಂಕುಮ ಕೂತು, ಚೆಂಡುಹೂವಿನ ಎಸಳೊಂದು ಅಂಟಿಕೊಂಡಿತ್ತು. ಬಿಲ್ಲೆಯ ಜಾಗದಲ್ಲಿ ವಿಭೂತಿ. ಶನಿವಾರ ಮಧ್ಯಾಹ್ನದಿಂದ ನನ್ನ ಅಂಗೈ ಅದರ ಪಕ್ಕದಲ್ಲೇ ಇತ್ತು. ಲ್ಯಾಪ್‌ಟಾಪು ತಿರುವಿ ತಳ ನೋಡಿದ್ದೆ, ಎರಡೂ ಬದಿ ನೋಡಿದ್ದೆ. ಆ ವಿಭೂತಿಯ ಪಟ್ಟೆಯನ್ನು ಮಾತ್ರ ಉಗುರಿನಿಂದಲೂ ಕೆರೆದಿರಲಿಲ್ಲ.

ಎಸಳು ತೆಗೆದು, ಸೆರಗಿನ ತುದಿಗೆ ನೀರು ಹಚ್ಚಿಕೊಂಡು ಅವ್ವ ಅಂಚು ಒರೆಸಿದಳು. ಪುಟ್ಟ ಸ್ವಿಚ್ಚು ಕಂಡಿತು. ನಾನು ಕೈ ಮುಂದೆ ಮಾಡಿದೆ. ಅಪ್ಪ ನನ್ನ ಕೈ ತಡೆದು ತಾನೇ ಅದನ್ನು ಸರಿಸಿದ. ಅವನು ಹಾಕಿದ್ದು, ಅವನೇ ತೆಗೆಯಬೇಕು. ಪರದೆಯ ಮೂಲೆಯಲ್ಲಿ ವೈಫೈ ಒಂದೊಂದೇ ಗೆರೆಯಾಗಿ ಏರಿತು.

"ನೀ ಯಾಕ ಒರಸಲಿಲ್ಲ ಇದನ್ನ?" ಎಂದು ಕೇಳಿದ.

"ನೀ ಪೂಜಿ ಮಾಡಿದ್ದಿಯಲ್ಲ, ಅದಕ್ಕ."

"ನೀ ಇದನ್ನೆಲ್ಲ ನಂಬೂದಿಲ್ಲ."

"ನಂಬೂದಿಲ್ಲ."

ಅಪ್ಪ ಹೆಡ್‌ಫೋನು ಕಿವಿಗೆ ಏರಿಸಿಕೊಂಡ.

ಕಾಕಾ ಬಂದ. ಸೊರಗಿದ್ದ. ದನಿ ಆಗಲೇ ಅರ್ಧ ಹೋಗಿ, ಒಡಕು ಬಿದಿರಿನೊಳಗೆ ಗಾಳಿ ಹೊಕ್ಕ ಹಾಗೆ ಕೇಳುತ್ತಿತ್ತು. ಅಪ್ಪ ಬನ್ನಿ ಎಲೆಗಳನ್ನು ಪರದೆಯ ಮುಂದೆ ಹಿಡಿದು, ಬಂಗಾರ ತಗೋ, ಬಂಗಾರದಂಗ ಇರು ಅಂದ. ಕಾಕಾ, ನಿಮ್ಮೂರ ಬಂಗಾರ ಹಸರ ಐತಿ ಅಂದ. ಮುಂದೆ ಅವರು ಮಾತಾಡಿದ್ದು ಯಾವ ಕಾಲದ್ದೋ ಒಂದು ಬೇರಿಂಗಿನ ಬಗ್ಗೆ. ಅದನ್ನು ತಲೆಕೆಳಗಾಗಿ ಕೂರಿಸಿದ್ದು ಯಾರು ಎಂಬುದು ಅವರಿಬ್ಬರ ನಡುವೆ ಇನ್ನೂ ತೀರ್ಮಾನವಾಗದ ಸಂಗತಿ. ಕಾಕಾ ನಡುನಡುವೆ ನೀರು ಕುಡಿಯುತ್ತಿದ್ದ. ಅಪ್ಪ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಿದ್ದ.

ಕೊನೆಗೆ ಕಾಕಾ ನನ್ನನ್ನು ಕರೆದ. ಹೆಡ್‌ಫೋನಿನ ತಂತಿ ಕಿತ್ತೆವು, ದನಿ ಕೋಣೆಗೆಲ್ಲ ಬಂತು.

"ಏ ವಕೀಲವ್ವ," ಅಂದ. "ದನಿ ಇಲ್ಲದವ ವಾದಾ ಸೋತಂಗ. ಅಲ್ಲ ಅನ್ನು ನೋಡೂಣು."

ಚರ್ಚಾಕೂಟದಲ್ಲಿ ಯಾವ ವಿಷಯ ಕೊಟ್ಟರೂ, ಯಾವ ಪಕ್ಷ ಕೊಟ್ಟರೂ ತಡವರಿಸದವಳು ನಾನು. ಅವತ್ತು ನೆನಪಾದದ್ದು ಮಠದ ಅಂಗಳ. "ಕಾಕಾ, ಕ್ಯಾಂಪಿನಾಗ ಅವರ ಮಾತು ಒಂದರ ನಿನಗ ತಿಳೀತಿತ್ತೇನು? ಆದರೂ ಯಾರು ಗೆದ್ರು ಅಂತ ದಿನಾ ಹೇಳ್ತಿದ್ದಿ," ಅಂದೆ.

ಕಾಕಾ ಕೈಯೆತ್ತಿ, ಆ ಸನ್ಯಾಸಿಗಳ ಹಾಗೇ ಚಟ್ಟನೆ ಒಂದು ಚಪ್ಪಾಳೆ ಹೊಡೆದ.

ಸೋಮವಾರ ಆಪರೇಶನ್ ಆಯಿತು. ಕೆಲವು ರವಿವಾರ ಕರೆ ಇರಲಿಲ್ಲ. ಮತ್ತೆ ಶುರುವಾದ ದಿನ ನಾನು ಹೆಡ್‌ಫೋನು ತಂದರೆ ಅಪ್ಪ ಬೇಡವೆಂದು ಮೊಳೆಗೆ ನೇತುಹಾಕಿಸಿದ. ಕೊರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡ ಕಾಕಾ ಪರದೆಯ ಮೇಲೆ ಬಂದು, ಮುಷ್ಟಿಯನ್ನು ತುಟಿಯ ಹತ್ತಿರ ತಂದು ಓರೆ ಮಾಡಿದ. ಚಹಾ ಆಯಿತೇ? ಅಷ್ಟು ನನಗೂ ಗೊತ್ತಾಯಿತು. ಅಲ್ಲಿಂದ ಮುಂದೆ ನಾಲ್ಕು ಕೈಗಳು ಓಡತೊಡಗಿದವು. ಕೋಣೆಯಲ್ಲಿ ಫ್ಯಾನಿನದು ಬಿಟ್ಟರೆ ಬೇರೆ ಸದ್ದಿಲ್ಲ. ಮಾತು ಬಹುಶಃ ಅದೇ ಹಳೆಯ ಬೇರಿಂಗಿನದು. ನಡುವೆ ಕಾಕಾ ನನ್ನತ್ತ ನೋಡಿ ಏನೋ ಒಂದು ಸನ್ನೆ ಮಾಡಿದ, ಅಪ್ಪನ ಹೊಟ್ಟೆ ನಗುವಿಗೆ ಕುಲುಕಿತು.

ಏನಂತಾನ ಅವ ಎಂದು ಅಪ್ಪನ ಭುಜ ಅಲುಗಿಸಿ ಕೇಳಿದೆ.

"ನಿನಗ ಬೈಯಾಕತ್ತಾನ," ಅಂದ ಅಪ್ಪ, ಪರದೆಯಿಂದ ಕಣ್ಣು ತೆಗೆಯದೆ.